ಬಣ್ಣಕ್ಕಾಗಿ ಹೋಗಿ, ಸೂಜಿಯನ್ನು ಮನೆಯಿಂದ ಒಯ್ಯಿರಿ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಸ್ವಲ್ಪ ಒಳಗೆ, ಒಂದು ಅಡಿಕೆ ತೋಟದ ಮನೆಯಲ್ಲಿ ಕಾಲಕ್ಕೊಂದರಂತೆ ಬಟ್ಟೆಯ ಶಿಬಿರ ನಡೆಯುತ್ತದೆ. ಸುತ್ತಲಿನ ಗಿಡಮರಗಳಿಂದ ಬಣ್ಣ ತೆಗೆದು ಬಟ್ಟೆಗೆ ಹಾಕುವುದು, ಆ ಬಟ್ಟೆಯ ಮೇಲೆ ಆಯಾ ಕಾಲದ ಹೂವು, ಎಲೆ, ಬಳ್ಳಿಗಳನ್ನು ಸೂಜಿಯಿಂದ ಮೂಡಿಸುವುದು ಅಲ್ಲಿನ ಕೆಲಸ. ಮೂರು ಹಗಲು, ಎರಡು ರಾತ್ರಿ. ಊಟ, ವಸತಿ, ಸಾಮಾನು ಎಲ್ಲ ಸೇರಿ ತಲೆಗೆ 7,500 ರೂಪಾಯಿ. ಮಳೆ ಹಿಡಿಯುವ ಹೊತ್ತಿನ ಶಿಬಿರ, ಅಡಿಕೆ ಕೊಯ್ಲಿನದು, ಬೇಸಿಗೆ ಕಾಲಿಡುವ ಮೊದಲಿನದು, ಮೂರನ್ನೂ ನೋಡಿ ಬಂದಿದ್ದೇನೆ. ಬಟ್ಟೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಉಟ್ಟು ನೋಡಿದ ಮೇಲೆಯೇ ಬರೆಯೋಣವೆಂದು ಇಷ್ಟು ಕಾಲ ಸುಮ್ಮನಿದ್ದೆ. ಹೊಗಳಲು ಬಹಳ ಇದೆ, ಬೈಯಲೂ ಇದೆ. ಬೈಗುಳ ಇರುವ ಕಾರಣ ನಡೆಸುವವರ ಹೆಸರು ಹಾಕುವುದಿಲ್ಲ. ಶಿರಸಿ ಕಡೆಯವರಿಗೆ ಹೇಗೂ ಗೊತ್ತಾಗುತ್ತದೆ.

ನಾನು ಧಾರವಾಡದವಳು. ಕಸೂತಿ ಹಾಕುವುದು, ಹುಡುಗಿಯರಿಗೆ ಕಲಿಸುವುದು ನನ್ನ ಹೊಟ್ಟೆಪಾಡು. ಆದ್ದರಿಂದ ಬಣ್ಣದ ಪಾಠಕ್ಕೆ ಶಿಷ್ಯೆಯಾಗಿ ಕುಳಿತೆ, ಸೂಜಿಯ ಪಾಠಕ್ಕೆ ಪರೀಕ್ಷಕಿಯಾಗಿ ಕುಳಿತೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವವರಿಗೆ ನನ್ನ ಪಕ್ಷಪಾತ ತಿಳಿದಿರುತ್ತದೆ. ತೀರ್ಪನ್ನೂ ಈಗಲೇ ಹೇಳುತ್ತೇನೆ: ಬಣ್ಣವನ್ನು ಇಷ್ಟು ಪ್ರಾಮಾಣಿಕವಾಗಿ, ಕಾಲಕ್ಕೆ ಕಟ್ಟುಬಿದ್ದು ಕಲಿಸುವ ಇನ್ನೊಂದು ಜಾಗವನ್ನು ನಾನು ನೋಡಿಲ್ಲ. ಸೂಜಿಯ ಪಾಠ ಮಾತ್ರ ಊಟದ ಕೊನೆಗೆ ಬಡಿಸುವ ಬೀಡಾದ ಹಾಗೆ. ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು.

ಒಂದೇ ಶಿಬಿರಕ್ಕೆ ಹೋಗುವಷ್ಟು ಬಿಡುವಿದ್ದರೆ ಅಡಿಕೆ ಕೊಯ್ಲಿನ ಕಾಲಕ್ಕೆ ಹೋಗಿ. ಉಳಿದ ಕಾಲದಲ್ಲಿ ಬಣ್ಣವನ್ನು ಹುಡುಕಿಕೊಂಡು ಬೆಟ್ಟಕ್ಕೆ ನಡೆಯಬೇಕು. ಆಗ ಬಣ್ಣವೇ ಅಂಗಳದಲ್ಲಿ ಕುದಿಯುತ್ತಿರುತ್ತದೆ. ಕೊನೆಗೌಡರು ಮರ ಹತ್ತಿ ಇಳಿಸಿದ ಕೊನೆಗಳು ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಬರುತ್ತವೆ. ಸಂಜೆಯಿಂದ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಸುಲಿದ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಗಾಗುತ್ತದೆ. ಅದೇ ನೀರಿನಲ್ಲಿ ಮತ್ತೊಂದು ಹದ, ಅದೇ ನೀರಿನಲ್ಲಿ ಇನ್ನೊಂದು ಹದ ಬೇಯಿಸುತ್ತ ಹೋದಂತೆ ನೀರು ಗಟ್ಟಿಯಾಗಿ, ಅಂಟಾಗಿ, ಕಪ್ಪು ಮಿಶ್ರಿತ ಕೆಂಪು ಚೊಗರಾಗುತ್ತದೆ. ಬೆಳೆಗಾರರು ಇದನ್ನು ಕೂಡಿಟ್ಟು ಕೆಂಪಡಿಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಮಿಕ್ಕಿದ್ದು ಬಟ್ಟೆಗೆ.

ಚೊಗರಿನ ಬಣ್ಣ ಹೊಸ ಸಂಗತಿಯಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ, ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ನೂಲಿಗೆ ಇದನ್ನು ಹಾಕುತ್ತ ಬಂದಿದ್ದಾರೆ. ಆ ಕಂದುಗೆಂಪು ಜುಬ್ಬಾಗಳನ್ನು ತೊಟ್ಟವರನ್ನು ನೀವು ನೋಡಿಯೇ ಇರುತ್ತೀರಿ. ಆದರೆ ಅಂಗಡಿಯಲ್ಲಿ ಮಡಚಿಟ್ಟ ಜುಬ್ಬಾ ನೋಡುವುದು ಬೇರೆ, ಒದ್ದೆ ಬಟ್ಟೆಯನ್ನು ಬಿಸಿ ಚೊಗರಿಗೆ ಇಳಿಸಿ ಕೋಲಿನಿಂದ ತಿರುವುತ್ತ ನಿಲ್ಲುವುದು ಬೇರೆ. ಮೊದಲ ಅದ್ದಿಗೆ ಬಟ್ಟೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂತು. ನನ್ನ ಪಕ್ಕದಲ್ಲಿದ್ದ ಬೆಂಗಳೂರಿನ ಹುಡುಗಿಯ ಮುಖ ಸಣ್ಣದಾಯಿತು. ಕಲಿಸುವ ಅಮ್ಮ ಏನೂ ಹೇಳದೆ ಬಟ್ಟೆಯನ್ನು ಹಿಂಡಿ ನೆರಳಿನಲ್ಲಿ ಒಣಗಿಸಿದರು, ಮತ್ತೆ ಅದ್ದಿದರು, ಮತ್ತೆ ಒಣಗಿಸಿದರು. ಪ್ರತಿ ಸಲವೂ ಬಣ್ಣ ಒಂದು ಪದರ ಇಳಿಯುತ್ತದೆ. ಕೊನೆಗೆ ಒಂದು ತುಂಡನ್ನು ಮಾತ್ರ ತೆಗೆದು ತಿಳಿ ಸುಣ್ಣದ ನೀರಿನಲ್ಲಿ ಮುಳುಗಿಸಿದರು. ಕಂದು ಹೋಗಿ ಇಟ್ಟಿಗೆಗೆಂಪು ಎದ್ದು ಬಂತು.

"ಕವಳ ಹಾಕಿದರೆ ಬಾಯಿ ಯಾಕೆ ಕೆಂಪಾಗುತ್ತದೆ ಹೇಳು ತಂಗಿ?" ಎಂದು ಆ ಹುಡುಗಿಯನ್ನು ಕೇಳಿದರು.

"ಎಲೆಯಿಂದ ಅಲ್ಲವಾ ಅಮ್ಮ?"

"ಬರಿ ಎಲೆ ಅಗಿದು ನೋಡು. ಅಡಿಕೆಯ ಒಗರಿಗೆ ಸುಣ್ಣ ತಾಗಬೇಕು, ಆಗ ಕೆಂಪು. ಬಾಯಿಯಲ್ಲಿ ಆಗುವುದೇ ಬಟ್ಟೆಯಲ್ಲಿಯೂ ಆಯಿತು."

ಇಡೀ ಶಿಬಿರದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಈ ಬಗೆಯ ಪಾಠ. ಪರದೆಯ ಮೇಲೆ ಚಿತ್ರ ತೋರಿಸಿ ಉಪನ್ಯಾಸ ಕೊಡುವುದಿಲ್ಲ. ಅದೇ ಚೊಗರಿನ ಇನ್ನೊಂದು ತುಂಡನ್ನು ಕಬ್ಬಿಣದ ನೀರಿಗೆ ಅದ್ದಿದರು. ಕ್ಷಣದಲ್ಲಿ ಅದು ಮಳೆಗೆ ನೆನೆದ ಹೆಂಚಿನಂತೆ ಕಪ್ಪಿಟ್ಟಿತು. ಒಂದೇ ಹಂಡೆಯಿಂದ ಕಂದು, ಇಟ್ಟಿಗೆಗೆಂಪು, ಕಪ್ಪುಗಂದು ಮೂರನ್ನೂ ತೆಗೆದು ಹಗ್ಗದ ಮೇಲೆ ಹರವಿದ ಮೇಲೆ ಯಾರಿಗೂ ಪ್ರಶ್ನೆ ಉಳಿಯಲಿಲ್ಲ. ಕಬ್ಬಿಣದ ನೀರೆಂದರೆ ತುಕ್ಕು ಹಿಡಿದ ಮೊಳೆ, ಲಾಳ, ಮುರಿದ ಕತ್ತಿಯ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಎರಡು ಮೂರು ವಾರ ಹುಳಿಯಲು ಬಿಟ್ಟದ್ದು. ಕಲಂಕಾರಿಯ ಕಪ್ಪು ಗೆರೆಗಳೂ ಇದೇ ಬಗೆಯ ದ್ರಾವಣದಿಂದಲೇ ಬರುವುದು. ಮಡಕೆಯ ಮುಚ್ಚಳ ತೆಗೆದಾಗ ಬರುವ ವಾಸನೆಯ ಬಗ್ಗೆ ಮಾತ್ರ ಶಿಬಿರದ ಜಾಹೀರಾತಿನಲ್ಲಿ ಒಂದು ಸಾಲೂ ಇಲ್ಲ.

ಬಣ್ಣಕ್ಕಿಂತ ಮೊದಲಿನ ಕೆಲಸಕ್ಕೆ ಇವರು ಕೊಡುವ ಸಮಯವೂ ಮೆಚ್ಚುವಂಥದು. ಹೆಚ್ಚಿನ ಕಡೆ ಎರಡು ತಾಸಿನ ತರಗತಿ ಮಾಡಿ, ಸಿದ್ಧಪಡಿಸಿದ ಬಟ್ಟೆ ಕೈಗಿತ್ತು, ಬಣ್ಣದ ನೀರಿಗೆ ಅದ್ದಿಸಿ, ಫೋಟೊ ತೆಗೆಸಿ ಕಳುಹಿಸುತ್ತಾರೆ. ಇಲ್ಲಿ ಮೊದಲ ಹಗಲು ಪೂರ್ತಿ ಬಟ್ಟೆಯನ್ನು ತೊಳೆಯುವುದರಲ್ಲಿ, ಒಗರು ಹಿಡಿಸುವುದರಲ್ಲಿಯೇ ಹೋಗುತ್ತದೆ. ಹತ್ತಿ ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿದಾಗ ಬಿಡುವ ಹಳದಿ ಕೊಳೆಯನ್ನು ನೋಡಿದರೆ, ಅಂಗಡಿಯಿಂದ ತಂದ 'ಶುಭ್ರ' ಬಟ್ಟೆಯ ಮೇಲಿನ ನಂಬಿಕೆ ಹೋಗುತ್ತದೆ. ಆಮೇಲೆ ಅಳಲೆಕಾಯಿ. ಒಣಗಿದ ಬಟ್ಟೆಯ ತೂಕ 100 ಗ್ರಾಂ ಇದ್ದರೆ ಅಳಲೆಯ ಪುಡಿ 20 ಗ್ರಾಂ, ಆಮೇಲೆ ಪಟಿಕ 15 ಗ್ರಾಂ. ರೇಷ್ಮೆಯಾದರೆ ಪಟಿಕವನ್ನು ನೇರವಾಗಿಯೇ ಹಿಡಿದುಕೊಳ್ಳುತ್ತದೆ. ಹತ್ತಿಗೆ ಮೊದಲು ಅಳಲೆಯ ಒಗರು ಬೇಕು, ಇಲ್ಲದಿದ್ದರೆ ಪಟಿಕ ನಿಲ್ಲದು, ಪಟಿಕ ನಿಲ್ಲದಿದ್ದರೆ ಬಣ್ಣ ನಿಲ್ಲದು. ಪ್ರತಿಯೊಬ್ಬರ ಬಟ್ಟೆಯನ್ನೂ ತಕ್ಕಡಿಯಲ್ಲಿ ತೂಗಿ ಲೆಕ್ಕ ಬರೆಸಿದರು. ಕಣ್ಣಳತೆಯಲ್ಲಿ ಹಾಕುವ ಪದ್ಧತಿಯೇ ಇಲ್ಲ. ಇದು ನನಗೆ ಬಹಳ ಸಮಾಧಾನ ಕೊಟ್ಟಿತು, ಏಕೆಂದರೆ ಕಣ್ಣಳತೆಯಲ್ಲಿ ಕಲಿತದ್ದನ್ನು ಮನೆಗೆ ಬಂದು ಮತ್ತೆ ಮಾಡಲಾಗದು.

ಪಾತ್ರೆಗಳ ವಿಷಯದಲ್ಲಿಯೂ ಶಿಸ್ತಿದೆ. ಬಣ್ಣಕ್ಕೆ ಸ್ಟೀಲ್ ಪಾತ್ರೆಗಳು ಬೇರೆ, ಅಡುಗೆಗೆ ಬೇರೆ; ಕಬ್ಬಿಣದ ನೀರು ತಾಗಿದ ಕೋಲು ಇನ್ನೊಂದು ಪಾತ್ರೆಗೆ ಇಳಿಯುವಂತಿಲ್ಲ. ತಾಮ್ರದ ಹಂಡೆಯಲ್ಲಿ ಕುದಿಸಿದ ಹಳದಿ ಹಸಿರಿಗೆ ತಿರುಗುವುದನ್ನು ಬೇಕೆಂದೇ ಮಾಡಿ ತೋರಿಸಿದರು. ಮಳೆಗಾಲದ ಶಿಬಿರದಲ್ಲಿ ತೋಟದ ಎಲೆ ಕೀಳಲು ಬಿಡದಿದ್ದುದೂ ಇದೇ ಕಾರಣಕ್ಕೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅದು, ಎಲೆಗಳ ಮೇಲೆಲ್ಲ ಮೈಲುತುತ್ತ, ಸುಣ್ಣ. ಬಣ್ಣವೂ ಕೆಡುತ್ತದೆ, ಕೈಗೂ ಒಳ್ಳೆಯದಲ್ಲ. ಹಾಗಾಗಿ ಎಲೆಗೆ ಸೊಪ್ಪಿನ ಬೆಟ್ಟಕ್ಕೇ ಹೋಗಬೇಕು, ಉಂಬಳಗಳನ್ನು, ಅಂದರೆ ಜಿಗಣೆಗಳನ್ನು, ಕಾಲಿಗೆ ಕಟ್ಟಿಕೊಂಡು ಬರಬೇಕು.

ಆ ಮಳೆಗಾಲದ ಶಿಬಿರ ನಡೆಯುವುದು ಮೃಗಶಿರ ಮಳೆಯಲ್ಲಿ. ಮುಖ್ಯ ಪಾಠ ಎಲೆಯ ಅಚ್ಚು. ಎಳೆಯ ತೇಗದ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುವುದನ್ನು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಅದೇ ಎಲೆಯನ್ನು ರೇಷ್ಮೆಯ ಮೇಲೆ ಹರವಿ, ಕೊಳವೆಗೆ ಬಿಗಿಯಾಗಿ ಸುತ್ತಿ, ದಾರದಿಂದ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ನೇರಳೆ ಬೆರೆತ ಕೆಂಪಿನ ಅಚ್ಚು ಮೂಡುತ್ತದೆ, ನರನರವೂ ಕಾಣುತ್ತದೆ. ಮತ್ತಿ ಎಲೆಗೆ ಕಬ್ಬಿಣದ ನೀರು ತಾಗಿಸಿ ಇಟ್ಟರೆ ಬೂದುಗಪ್ಪು ನೆರಳು. ಸುತ್ತಿದ ಬಟ್ಟೆಯನ್ನು ಬಿಚ್ಚುವ ಹೊತ್ತಿಗೆ ಎಲ್ಲರೂ ಮಕ್ಕಳಾಗಿಬಿಡುತ್ತಾರೆ, ನಾನೂ ಹೊರತಲ್ಲ. ಆದರೆ ಮೃಗಶಿರ ಮಳೆಯಲ್ಲಿ ಬಟ್ಟೆ ಒಣಗಿಸುವುದು ಹೇಗೆ ಎಂಬುದನ್ನು ಇವರು ಯೋಚಿಸಿಯೇ ಇಲ್ಲ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಜಾಗ ಇದ್ದದ್ದು ನಾಲ್ಕು ಜನರ ಬಟ್ಟೆಗೆ, ನಾವಿದ್ದದ್ದು ಹನ್ನೆರಡು ಜನ. ಉಳಿದವರ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮನೆಗೆ ಹೋಗಿ ಒಣಗಿಸಿಕೊಳ್ಳಿ ಎಂದು ಕಳುಹಿಸಿದರು. ಶಿರಸಿಯಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡ ಮುಟ್ಟಿ ಚೀಲ ಬಿಚ್ಚುವಾಗ ನನ್ನ ರೇಷ್ಮೆಯ ಮೇಲೆ ತೇಗದ ಎಲೆಯ ಜೊತೆಗೆ ಬೂಷ್ಟಿನ ಚುಕ್ಕೆಗಳೂ ಅಚ್ಚಾಗಿದ್ದವು. ತೊಳೆದರೂ ಹೋಗಿಲ್ಲ. ಫೋನ್ ಮಾಡಿ ಹೇಳಿದರೆ, "ಅದೂ ಮಳೆಗಾಲದ ಗುರುತೇ ಅಲ್ಲವೇ ಮೇಡಂ" ಎಂದು ವ್ಯವಸ್ಥಾಪಕರು ನಕ್ಕರು. ಅವರ ಬಟ್ಟೆಯಾಗಿದ್ದರೆ ನಗುತ್ತಿದ್ದರೋ ಇಲ್ಲವೋ.

ಇನ್ನು 'ಸ್ಥಳೀಯ ಸಸ್ಯಗಳ ಬಣ್ಣ' ಎಂಬ ಘೋಷಣೆ. ಜಾಹೀರಾತಿನಲ್ಲಿ, ಬಾಗಿಲ ಫಲಕದಲ್ಲಿ, ಕೊಡುವ ಚೀಲದ ಮೇಲೆ, ಎಲ್ಲೆಡೆ ಇದೇ. ಒಳಗೆ ನೋಡಿದರೆ ಹಳದಿಗೆ ಚೆಂಡು ಹೂವು, ಕಿತ್ತಳೆಗೆ ನೀಲಗಿರಿ ಎಲೆ. ಚೆಂಡು ಹೂವು ಮೆಕ್ಸಿಕೊ ಕಡೆಯಿಂದ ಬಂದದ್ದು. ನಮ್ಮ ದೀಪಾವಳಿಯ ಬಾಗಿಲಿಗೆ ಎಷ್ಟೇ ಒಗ್ಗಿದ್ದರೂ ಬೆಟ್ಟದ ಗಿಡವಲ್ಲ. ನೀಲಗಿರಿಯಂತೂ ಆಸ್ಟ್ರೇಲಿಯಾದ ಮರ. ಅದನ್ನು ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಎಲೆಯ ಅಚ್ಚಿನ ಈ ವಿಧಾನವನ್ನು ಜಗತ್ತಿಗೆ ಪರಿಚಯಿಸಿದ ಇಂಡಿಯಾ ಫ್ಲಿಂಟ್ ಆಸ್ಟ್ರೇಲಿಯಾದವರು, ಅವರು ನೀಲಗಿರಿ ಎಲೆ ಬಳಸಿದರೆ ಅದು ಅವರ ಊರಿನ ಮರ. ನಾವು ಅವರನ್ನು ಅನುಸರಿಸಬೇಕಾದರೆ ಅವರ ಎಲೆಯನ್ನಲ್ಲ, ಅವರಂತೆ ನಮ್ಮ ಅಂಗಳದ ಎಲೆಯನ್ನು ಹಿಡಿಯಬೇಕಿತ್ತು. ಪರಕೀಯ ಗಿಡವನ್ನು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಬೆಟ್ಟವನ್ನೆಲ್ಲ ನುಂಗಿರುವ ಯುಪಟೋರಿಯಂ, ಅದೇ ಕಮ್ಯುನಿಸ್ಟ್ ಗಿಡವನ್ನು ಬುಡಸಮೇತ ಕಿತ್ತು ತಂದು ಕುದಿಸಿದರೆ ಹಸಿರು ಬೆರೆತ ಒಳ್ಳೆಯ ಹಳದಿ ಬರುತ್ತದೆ; ಅದನ್ನು ಎಷ್ಟು ಕಿತ್ತರೂ ಪುಣ್ಯವೇ. ಇವರು ಅದನ್ನೂ ಕಲಿಸುತ್ತಾರೆ, ಚೆನ್ನಾಗಿಯೇ ಕಲಿಸುತ್ತಾರೆ. ಆದರೆ ಕಲಿಸುವಾಗ ಇದು ಹೊರಗಿನದೆಂದು ಒಂದು ಮಾತು ಹೇಳಿದರೆ ಗಂಟೇನೂ ಹೋಗುವುದಿಲ್ಲ.

ಕಾಡಿನ ಗಿಡಗಳ ವಿಷಯದಲ್ಲಿ ಅವರ ನಡವಳಿಕೆ ಮಾತ್ರ ಘೋಷಣೆಗಿಂತ ಮೇಲು. ಬಿದ್ದ ಹೂವು, ಬಿದ್ದ ಕಾಯಿ, ಸವರಿದ ಕೊಂಬೆಯ ಎಲೆ, ಇಷ್ಟೇ. ಜೀವಂತ ಮರದ ತೊಗಟೆ ಕೆತ್ತುವಂತಿಲ್ಲ. ಸೀತೆ ಅಶೋಕದ ಹತ್ತಿರವಂತೂ ಹೋಗಲು ಬಿಡಲಿಲ್ಲ. ಔಷಧಿಗೆಂದು ತೊಗಟೆ ಕೆತ್ತಿ ಕೆತ್ತಿ ಆ ಮರಕ್ಕೆ ಬಂದಿರುವ ಗತಿ ಎಲ್ಲರಿಗೂ ತಿಳಿದದ್ದೇ. ಮಂಜಿಷ್ಠದ ಬಣ್ಣ ಬೇರಿನಲ್ಲಿದೆ, ಬೇರು ಕಿತ್ತರೆ ಬಳ್ಳಿಯೇ ಹೋಯಿತು. ಆದ್ದರಿಂದ ಬೆಟ್ಟದಲ್ಲಿ ಬಳ್ಳಿಯನ್ನು ಮುಟ್ಟಿ ನೋಡಿ, ಎಲೆ ನಾಲ್ಕು ನಾಲ್ಕಾಗಿ ಸುತ್ತ ಕೂಡುವುದನ್ನು ಗುರುತಿಸಿ, ಬಣ್ಣಕ್ಕೆ ಔಷಧದ ಅಂಗಡಿಯಿಂದ ತಂದ ಒಣ ಬೇರನ್ನೇ ಬಳಸಿದೆವು. ಮಂಜಿಷ್ಠವನ್ನು ಕುದಿಯಲು ಬಿಡಬಾರದು, ಕೈ ಅದ್ದಲಾಗದಷ್ಟು ಬಿಸಿ ಸಾಕು. ಕುದಿಸಿದರೆ ಕೆಂಪು ಹೋಗಿ ಕಂದು ಬರುತ್ತದೆ. ಮಲೆನಾಡಿನ ನೀರು ಮೆದು, ಮಂಜಿಷ್ಠಕ್ಕೆ ಸುಣ್ಣದಂಶ ಬೇಕು, ಹಾಗಾಗಿ ಒಂದು ಚಿಟಿಕೆ ಸುಣ್ಣ ಸೇರಿಸುತ್ತಾರೆ. ಇದನ್ನು ಕೇಳಿದಾಗ ನನಗೆ ನಮ್ಮ ಬೋರ್‌ವೆಲ್ ನೀರಿನ ಮೇಲೆ ಮೊದಲ ಬಾರಿಗೆ ಪ್ರೀತಿ ಬಂತು. ಚಿರೆಕಲ್ಲಿನ ಬಾವಿಯ ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಎಲ್ಲ ಬಣ್ಣಗಳೂ ಮಂಕಾಗುತ್ತವೆ ಎಂಬುದನ್ನೂ ಹೇಳಿಕೊಟ್ಟರು.

ಬೇಸಿಗೆಯ ಮೊದಲಿನ ಶಿಬಿರ ಮೂರರಲ್ಲಿ ಸಪ್ಪೆ. ಸುರಗಿ ಹೂವಿನ ಪರಿಮಳ ಅಂಗಳ ತುಂಬಿತ್ತು ಎಂಬುದನ್ನು ಬಿಟ್ಟರೆ ಹೇಳಲು ಹೆಚ್ಚಿಲ್ಲ. ಮುತ್ತುಗದ ಹೂವು ಬೇಕೆಂದರು. ಮುತ್ತುಗ ಆ ಒದ್ದೆ ಕಾಡಿಗಿಂತ ಮುಂಡಗೋಡ, ಹಳಿಯಾಳ, ಧಾರವಾಡದ ಕಡೆಯ ಒಣ ನೆಲದಲ್ಲಿ ಹೆಚ್ಚಾಗಿ ಕಾಣುವ ಮರ. ನಾನೇ ಒಂದು ಚೀಲ ಒಯ್ದೆ. ರೇಷ್ಮೆಯ ಮೇಲೆ ಬಂದ ಕಿತ್ತಳೆ ಮಿಶ್ರಿತ ಹಳದಿ ನೋಡಿ ಎಲ್ಲರೂ ಕೇಕೆ ಹಾಕಿದರು. ಅಲ್ಲಿಯೇ ಮುರುಗಲಿನ ಒಣ ಸಿಪ್ಪೆಯ ಕೆಂಪನ್ನೂ ಹಾಕಿಸಿದರು. ಇದಕ್ಕೆ ನನ್ನ ತಕರಾರಿದೆ. ಮುರುಗಲು ಸಾರಿಗೆ, ಪಾನಕಕ್ಕೆ ಶ್ರೇಷ್ಠ, ಬಟ್ಟೆಗೆ ಅಲ್ಲ. ಆ ಕೆಂಪು ಹುಳಿಯಲ್ಲಿ ಮಾತ್ರ ಕೆಂಪಾಗಿರುತ್ತದೆ, ಸಾಬೂನು ತಾಗಿದರೆ ನೀಲಿಗೋ ಹಸಿರಿಗೋ ಹೊರಳಿ, ಆಮೇಲೆ ಮಾಯ. ಇದನ್ನು ಕಲಿಸುವ ಅಮ್ಮ ಚೆನ್ನಾಗಿ ಬಲ್ಲರು. ಕೇಳಿದಾಗ, "ಫೋಟೊಕ್ಕೆ ಚಂದ ಬರುತ್ತದೆ, ಬಂದವರು ಕೇಳುತ್ತಾರೆ" ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹಣ ಕೊಟ್ಟು ಬಂದವರಿಗೆ ಬಣ್ಣ ನಿಲ್ಲುವುದಿಲ್ಲವೆಂದು ಮೊದಲೇ ಹೇಳುವುದು ಧರ್ಮ.

ಸೂಜಿಯ ಪಾಠಕ್ಕೆ ಬರುತ್ತೇನೆ. ಕಲಿಸಲು ಬರುವವರು ಬೇರೆ, ವಿನ್ಯಾಸ ಓದಿಕೊಂಡ ಒಬ್ಬ ತರುಣಿ. ನಯವಾಗಿ ಮಾತನಾಡುತ್ತಾರೆ, ತಾಳ್ಮೆ ಇದೆ. ಆದರೆ ಹಂಚಿದ ನಮೂನೆಯ ಹಾಳೆಯಲ್ಲಿ ಲ್ಯಾವೆಂಡರ್ ಗೊಂಚಲು, ಟ್ಯುಲಿಪ್, ಉದುರುವ ಮೇಪಲ್ ಎಲೆ. ಕಿಟಕಿಯ ಹೊರಗೆ ಹಲಸಿನ ಮರದಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂವು ತೂಗಾಡುತ್ತಿದೆ, ಬೇಲಿಯಲ್ಲಿ ಕೇಪಳ ಕೆಂಪಗೆ ನಗುತ್ತಿದೆ, ನಾವು ಕಂಡರಿಯದ ಊರಿನ ಹೂವನ್ನು ಕಾರ್ಬನ್ ಹಾಳೆಯಿಂದ ಬಟ್ಟೆಗೆ ಇಳಿಸುತ್ತಿದ್ದೇವೆ. ಹೊಲಿಗೆ ಕಲಿಸಿದ್ದೂ ಜಪಾನಿನ ಸಾಶಿಕೊ. ಅದು ಸುಂದರ ಕೆಲಸ, ನಾನು ಕಡೆಗಣಿಸುವುದಿಲ್ಲ. ಆದರೆ ಅಲ್ಲಿಂದ ಹೆಚ್ಚು ದೂರವಿಲ್ಲದ ಯಲ್ಲಾಪುರ, ಮುಂಡಗೋಡ, ಹಳಿಯಾಳಗಳಲ್ಲಿ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವಂತೆ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ 'ಫುಲ' ಇಡುತ್ತಾರೆ; ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಅವರಲ್ಲಿ ಒಬ್ಬರನ್ನು ಸಂಭಾವನೆ ಕೊಟ್ಟು ಕರೆಸಿದ್ದರೆ ಆ ಮೂರನೆಯ ಹಗಲಿಗೆ ತೂಕ ಬರುತ್ತಿತ್ತು.

ಕೊಟ್ಟ ಬಟ್ಟೆಯೂ ಸೂಜಿಗೆ ಹೇಳಿದ್ದಲ್ಲ. ಗಿರಣಿಯ ನುಣುಪಾದ ಪಾಪ್ಲಿನ್. ಎಳೆ ಎಣಿಸಲು ಕಣ್ಣಿಗೆ ಸಿಗುವುದಿಲ್ಲ. ಕಸೂತಿ ನಿಂತಿರುವುದೇ ಎಳೆಯ ಲೆಕ್ಕದ ಮೇಲೆ. ಹುಬ್ಬಳ್ಳಿಯಲ್ಲಿ ಕೊಂಡ ಸ್ವಲ್ಪ ದಪ್ಪ ಖಾದಿಯನ್ನು ನಾನು ಚೀಲದಲ್ಲಿ ಒಯ್ದಿದ್ದರಿಂದ ಬದುಕಿದೆ. ಅದಕ್ಕೆ ಅಳಲೆ ಹಿಡಿಸಿ, ಕಬ್ಬಿಣದ ನೀರು ತೆಳುವಾಗಿ ಕೊಟ್ಟು, ಮೃಗಶಿರದ ಆಕಾಶದ ಬೂದಿ ಬಣ್ಣ ತರಿಸಿಕೊಂಡೆ. ಅದರ ಮೇಲೆ ಲ್ಯಾವೆಂಡರ್ ಬಿಟ್ಟು ಸೀತಾಳೆ ದಂಡೆಯನ್ನೇ ಹಿಡಿದೆ.

ಕಸೂತಿ ಬಲ್ಲವರು ಇಲ್ಲಿ ಹುಬ್ಬೇರಿಸಬಹುದು. ನಮ್ಮ ಸೂಜಿ ಅಡ್ಡ, ಉದ್ದ, ಓರೆ ಹೋಗುತ್ತದೆ, ಬಾಗುವುದಿಲ್ಲ. ಗೋಪುರ, ತೇರು, ತುಳಸಿ ಕಟ್ಟೆಗೆ ಅದು ಸರಿ; ಜೋತುಬಿದ್ದ ಹೂವಿನ ದಂಡೆಗೆ ಹೇಗೆ? ಮರದ ಕೆಳಗೆ ನಿಂತು ದಂಡೆಯನ್ನು ನೋಡುತ್ತ ಹೋದಾಗ ದಾರಿ ಕಂಡಿತು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಒಂದು ಎಳೆಗುಂಪು ಮೇಲೆ, ಒಂದು ಕೆಳಗೆ ಬಿಡುತ್ತ ಮುಂದೆ ಹೋಗಬೇಕು, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ರೀತಿ ಕಾಣಬೇಕು. ಹೂದಂಡೆಯ ರಚನೆಯೂ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಡುವೆ ಒಂದು ಕಾಂಡ, ಅದರಿಂದ ಎಡಕ್ಕೊಂದು ಬಲಕ್ಕೊಂದು ಹೂವು. ಕಾಂಡವನ್ನು ಮುರ್ಗಿ ಎಂಬ ಮೆಟ್ಟಿಲು ಮೆಟ್ಟಿಲಾದ ಹೊಲಿಗೆಯಲ್ಲಿ ಓರೆಯಾಗಿ ಇಳಿಸಿದೆ. ಮೆಟ್ಟಿಲು ಮೊದಲು ಅಗಲ, ಕೆಳಗೆ ಬಂದಂತೆ ಕಡಿದು. ದೂರದಿಂದ ನೋಡಿದರೆ ಅದೇ ಬಾಗು. ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲಿ ಹೊರಳಿ ನಾಲ್ಕು ಎಳೆಯ ಅಳತೆಯ ಒಂದು ಚೌಕುಳಿ ಹೂವು ಅರ್ಧ ಹಾಕಿ ಕಾಂಡಕ್ಕೆ ಬಂದೆ, ಮರಳುವಾಗ ಉಳಿದರ್ಧ ತುಂಬಿದೆ. ಹೂವಿಗೆ ಬಣ್ಣ ಹಾಕದ ಬಿಳಿ ದಾರ, ಹೂವಿನ ಮೇಲಿನ ಚುಕ್ಕೆಗೆ ಮಂಜಿಷ್ಠದ ಎರಡನೆಯ ನೀರಿನಲ್ಲಿ ಅದ್ದಿದ ತಿಳಿ ಗುಲಾಬಿ ದಾರ. ಆ ತರುಣಿ ಬಂದು ಬಟ್ಟೆಯನ್ನು ಮಗುಚಿ ನೋಡಿದರು, ಮತ್ತೆ ಮಗುಚಿದರು. "ಹಿಂದೆ ಯಾವುದು ಅಕ್ಕ?" ಎಂದರು. ಈ ಪ್ರಶ್ನೆಯನ್ನು ಕಸೂತಿಯವರು ಪ್ರಶಸ್ತಿಯಂತೆ ಇಟ್ಟುಕೊಳ್ಳುತ್ತಾರೆ. ಅವತ್ತು ಸಂಜೆ ಅರ್ಧ ಶಿಬಿರ ನನ್ನ ಚಾಪೆಯ ಸುತ್ತ ಕುಳಿತಿತ್ತು. ಶುಲ್ಕ ಕೊಟ್ಟವಳೂ ನಾನೇ, ಪಾಠ ಹೇಳಿದವಳೂ ನಾನೇ.

ಬಣ್ಣಗಳ ಈಗಿನ ಸ್ಥಿತಿ ಹೀಗಿದೆ. ಎಲ್ಲವನ್ನೂ ಅಂಟುವಾಳದ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದ್ದೇನೆ, ಪ್ರತಿಯೊಂದರ ಒಂದು ಚೂರನ್ನು ಮಾತ್ರ ದಕ್ಷಿಣದ ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಬಿಟ್ಟಿದ್ದೇನೆ. ಚೊಗರು ಒಂದಿಷ್ಟೂ ಕದಲಿಲ್ಲ. ಕಿಟಕಿಯ ಚೂರು ಇನ್ನೂ ಗಾಢವಾಗಿದೆ. ಅಳಲೆ ಮತ್ತು ಕಬ್ಬಿಣದ ಬೂದಿಯೂ ಭದ್ರ, ಆದರೆ ಕಬ್ಬಿಣ ಹೆಚ್ಚಾದರೆ ಬಟ್ಟೆಯ ನೂಲು ಸೊರಗುತ್ತದೆ. ಕಪ್ಪು ಬರಲಿ ಎಂದು ಮತ್ತೆ ಮತ್ತೆ ಅದ್ದಿದ ಗೆಳತಿಯೊಬ್ಬಳ ದುಪ್ಪಟ್ಟಾ ಮಡಿಕೆಯಲ್ಲಿ ಸೀಳಿತು. ಮಂಜಿಷ್ಠ ಸ್ವಲ್ಪ ತಿಳಿಯಾಯಿತು, ತಿಳಿಯಾಗಿಯೂ ಚೆನ್ನಾಗಿದೆ. ತೇಗದ ಅಚ್ಚು ನೇರಳೆ ಬಿಟ್ಟು ಕಂದಿನ ಕಡೆ ವಾಲಿದೆ. ಮುತ್ತುಗ ರೇಷ್ಮೆಯ ಮೇಲೆ ಅರ್ಧ ಉಳಿದಿದೆ, ಹತ್ತಿಯ ಮೇಲೆ ನೆನಪಿಗಷ್ಟೇ. ಸಪ್ಪಂಗದ ಚಕ್ಕೆಯಿಂದ ಬಂದ ಗುಲಾಬಿ ಬಿಸಿಲಿಗೆ ಹೆದರಿ ಓಡಿಹೋಯಿತು. ಅರಿಶಿನ ಅದಕ್ಕಿಂತ ಮೊದಲೇ ಹೋಗಿತ್ತು. ಮುರುಗಲು ಮೊದಲ ಒಗೆತಕ್ಕೆ ತೀರಿಕೊಂಡಿತು. ಹಣ ಕೊಟ್ಟು ಸೀರೆಗೆ ಬಣ್ಣ ಹಾಕಿಸಿಕೊಳ್ಳುವವರು, ಇವರ ಬಳಿ ಆ ಸೇವೆಯೂ ಇದೆ, ಚೊಗರು, ಅಳಲೆ, ಮಂಜಿಷ್ಠ ಇಷ್ಟರಲ್ಲಿಯೇ ಆರಿಸಿಕೊಳ್ಳುವುದು ಒಳ್ಳೆಯದು. ನೀಲಿ ಬೇಕಾದವರಿಗೆ ಇಲ್ಲಿ ನೀಲಿಯ ತೊಟ್ಟಿ ಇಲ್ಲ. ಅದನ್ನು ಹುಳಿಸಿ ಜೀವಂತ ಇಟ್ಟುಕೊಳ್ಳುವುದೇ ದಿನವಿಡೀ ಕೆಲಸ, ಇಲ್ಲವೆಂದು ಇವರು ನೇರವಾಗಿ ಹೇಳುತ್ತಾರೆ.

ಊಟದ ಬಗ್ಗೆ ದೂರಿಲ್ಲ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಳೆಗಾಲದಲ್ಲಿ ಪತ್ರೊಡೆ. ಮಲಗಲು ಉಪ್ಪರಿಗೆಯಲ್ಲಿ ಹಾಸಿಗೆ. ಮೊಣಕಾಲು ನೋವಿರುವವರಿಗೆ ಆ ಏಣಿ ಕಷ್ಟ, ಮೊದಲೇ ಹೇಳಿದರೆ ಕೆಳಗಿನ ಕೋಣೆ ಕೊಡುತ್ತಾರೆ. ಬಚ್ಚಲು ಶುಚಿಯಾಗಿದೆ. ಮೊಬೈಲ್ ಸಿಗ್ನಲ್ ಅಂಗಳದ ತುದಿಯಲ್ಲಿ ತುಳಸಿಕಟ್ಟೆಯ ಹತ್ತಿರ ಮಾತ್ರ, ಹಾಗಾಗಿ ಎಲ್ಲರ ಮನೆಯ ವಿಷಯ ಎಲ್ಲರಿಗೂ ತಿಳಿಯುತ್ತದೆ.

ಹೋಗುವವರು ಹಣ ಕಟ್ಟುವ ಮೊದಲು ಯಾವ ಬಣ್ಣಗಳನ್ನು ಹಾಕಿಸುತ್ತಾರೆ ಎಂದು ಕೇಳಿ ತಿಳಿಯಿರಿ. ಎಳೆ ಕಾಣುವ ಖಾದಿ ಅಥವಾ ಕೈಮಗ್ಗದ ಬಟ್ಟೆಯನ್ನು ನೀವೇ ಒಯ್ಯಿರಿ, ಪಾಪ್ಲಿನ್ ಬೇಡವೆಂದರೆ ಶುಲ್ಕದಲ್ಲಿ 400 ರೂಪಾಯಿ ಕಡಿಮೆ ಮಾಡುತ್ತಾರೆ, ಕೇಳದಿದ್ದರೆ ಮಾಡುವುದಿಲ್ಲ. ಮಳೆಗಾಲದಲ್ಲಿ ಒಣ ಟವೆಲ್ ಎರಡು, ಹಳೆಯ ಪತ್ರಿಕೆಯ ಕಟ್ಟು ಒಂದು ಜೊತೆಗಿರಲಿ, ಹಸಿ ಬಟ್ಟೆಯನ್ನು ಅದರಲ್ಲಿ ಸುತ್ತಿ ತಂದರೆ ಬೂಷ್ಟು ಹಿಡಿಯುವುದಿಲ್ಲ. ನಿಮ್ಮ ಕೈಯಲ್ಲಿ ಕೌದಿಯೋ ಕಸೂತಿಯೋ ಮನೆಯ ಹೊಲಿಗೆ ಯಾವುದಾದರೂ ಇದ್ದರೆ ನಮೂನೆಯ ಹಾಳೆಯನ್ನು ಮಡಚಿ ಬದಿಗಿಟ್ಟು, ಅಂಗಳಕ್ಕೆ ಇಳಿದು ಹೂವು ನೋಡಿ ಹಾಕಿ. ಯಾರೂ ತಡೆಯುವುದಿಲ್ಲ, ಆ ಸ್ವಾತಂತ್ರ್ಯ ಅಲ್ಲಿದೆ.

ಇವನ್ನೆಲ್ಲ ನಾನು ಅವರಿಗೂ ಬರೆದು ಕಳುಹಿಸಿದ್ದೆ, ಲ್ಯಾವೆಂಡರಿನ ವಿಷಯವನ್ನು ಸ್ವಲ್ಪ ಖಾರವಾಗಿಯೇ. ಕಲಿಸುವ ಅಮ್ಮನಿಂದ ಫೋನ್ ಬಂತು: "ನೀವು ಹೇಳುವುದು ಸರಿ. ಮುಂದಿನ ಕೊಯ್ಲಿಗೆ ಸೂಜಿಯ ಪಾಠಕ್ಕೆ ನೀವೇ ಬಂದುಬಿಡಿ." ನನ್ನ ಒಂದು ಹಗಲಿನ ದರ, ಬಸ್ ಖರ್ಚು, ಜೊತೆಗೆ ಯಲ್ಲಾಪುರದ ಕಡೆಯ ಕೌದಿ ಹೊಲಿಯುವ ಒಬ್ಬರ ಸಂಭಾವನೆ ಎಷ್ಟೆಂದು ಅವತ್ತೇ ತಿಳಿಸಿದ್ದೇನೆ. ವ್ಯವಸ್ಥಾಪಕರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.